ಚಂದ್ರಿಕೆಗೆ ಸುತ್ತಿದ ತಂತಿ

ಮೊನ್ನೆ ಕರೆಂಟಿನ ಕೆಲಸ ಮಾಡುವ ನಂಜುಂಡ ನಮ್ಮ ಹಿತ್ತಿಲಲ್ಲಿ ಗುಂಡಿ ತೋಡಿ, ಒಂದು ಚೀಲ ಇದ್ದಿಲು ಸುರಿದು, ಅದರ ಮೇಲೆ ಕಲ್ಲುಪ್ಪು ಹಾಕಿ ಬಿಂದಿಗೆ ನೀರು ಹುಯ್ದ. ಹೊಸ ಮೋಟಾರಿಗೆ ಅರ್ತು, ಅಂದರೆ ನೆಲಕ್ಕಿಳಿಯುವ ತಂತಿ, ಕೊಡಬೇಕಂತೆ. ಒಣಗಿದ ಇದ್ದಿಲು ಉಪ್ಪುನೀರು ಕುಡಿಯುವಾಗ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಡಿದದ್ದೇ ಕೂತಿದ್ದವಳು ಎದ್ದುಬಿಟ್ಟೆ. ಬೇರೆಯವರಿಗೆ ಹಳೆಯ ವಾಸನೆ ಬಡಿದರೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೆ ಸಿಟ್ಟು ಬಂತು.

"ಯಾಕಜ್ಜಿ ಹಂಗ್ ನೋಡ್ತಿದ್ದೀಯ, ಸರ್ಯಾಗಿಲ್ವಾ?" ಅಂದ ನಂಜುಂಡ.

"ಗುಂಡಿ ಸರ್ಯಾಗೈತೆ ಕಣಪ್ಪ. ನಿನ್ ಕಡೆಯೋರೆ ಸರಿ ಇಲ್ಲ" ಅಂದೆ. ಅವನಿಗೆ ಅರ್ಥವಾಗಲಿಲ್ಲ. ಆಗುವುದೂ ಬೇಡ, ಆ ಕತೆ ನಡೆದಾಗ ಅವನು ಈ ಊರಿಗೇ ಬಂದಿರಲಿಲ್ಲ.

ನಮ್ಮೂರು ಕನಕಪುರಕ್ಕೂ ರಾಮನಗರಕ್ಕೂ ನಡುವೆ, ಟಾರು ರಸ್ತೆಯಿಂದ ಒಳಗೆ ಇದೆ. ಆಗ ಮನೆಮನೆಯಲ್ಲೂ ರೇಷ್ಮೆ ಹುಳು. ಹಾರೋಹಳ್ಳಿಯ ಕಡೆಯಿಂದ ಕಾರ್ಖಾನೆ ಶೆಡ್ಡುಗಳು ಒಂದೊಂದಾಗಿ ನಮ್ಮ ಕಡೆಗೆ ಇಳಿದು ಬರುತ್ತಿದ್ದ ಕಾಲ ಅದು. ಮನೆಗೊಂದು ಟಿವಿ ಬಂದಿತ್ತು, ಊರಲ್ಲಿ ಉಳಿದಿದ್ದ ರೇಡಿಯೊ ನನ್ನದೊಂದೇ. ನಮ್ಮ ಯಜಮಾನರು ಬದುಕಿದ್ದಾಗ ಒಂದು ಬೆಳೆ ರೇಷ್ಮೆಗೂಡು ಒಳ್ಳೆಯ ಬೆಲೆಗೆ ಹೋದ ಖುಷಿಗೆ ತಂದದ್ದು. ಸೆಲ್ಲು ಹಾಕುವ ದೊಡ್ಡ ಪೆಟ್ಟಿಗೆ. ಜಗಲಿಯ ಗೋಡೆಗೂಡಿನಲ್ಲಿ ಇಟ್ಟಿದ್ದೆ. ಗೂಡಿನ ಧಾರಣೆ, ಮಳೆ ಸುದ್ದಿ, ಸಂಜೆಗೆ ರೈತರ ಕಾರ್ಯಕ್ರಮ, ಅದಾದ ಮೇಲೆ ಹಳ್ಳಿಹಾಡು. ನನಗೆ ಓದು ಎಂದರೆ ಎರಡನೇ ಕ್ಲಾಸು. ಲೋಕದ ಸುದ್ದಿ ನನಗೆ ಬರುತ್ತಿದ್ದದ್ದು ಕಿವಿಯಿಂದ.

ಆ ವರ್ಷ ಸುಗ್ಗಿ ಮುಗಿದ ಮೇಲೆ ರೇಡಿಯೊ ಸ್ಟೇಷನ್ನಿನ ಮೇಡಂ ಒಬ್ಬರು ಜೀಪಿನಲ್ಲಿ ಬಂದು ನಮ್ಮ ಸೋಬಾನೆ ಹಾಡುಗಳನ್ನು ಟೇಪಿಗೆ ಹಿಡಿದುಕೊಂಡು ಹೋದರು. ಹಾಡು ಹೇಳುವವಳು ನನ್ನ ವಾರಗಿತ್ತಿ ಚಿಕ್ಕತಾಯಿ, ನನ್ನ ಮೈದುನನ ಹೆಂಡತಿ. ಭಾಗವಾದ ಮೇಲೆ ನಡುಗೋಡೆಯ ಆಚೆ ಅವಳು, ಈಚೆ ನಾನು. ಅವಳಿಗೂ ನನಗೂ ಸರಿಬಂದ ದಿನ ಕಡಿಮೆ. ಕೋಳಿಗೆ ಜಗಳ, ಬಚ್ಚಲ ನೀರಿಗೆ ಜಗಳ. ಆದರೆ ಯಾರನ್ನೇ ಹಸೆಗೆ ಕೂರಿಸಲಿ, ಅವಳ ಗಂಟಲು ಬೇಕು. ಅವಳು ಹಾಡು ಹೇಳಿದರೆ ಉಳಿದ ನಾವು ಅವಳ ಹಿಂದೆ ಸೊಲ್ಲೆತ್ತುತ್ತೇವೆ. ನನ್ನ ಸೊಲ್ಲು ಯಾವಾಗಲೂ ತಡ ಎನ್ನುವುದು ಅವಳು ಈ ಮನೆಗೆ ಕಾಲಿಟ್ಟಂದಿನಿಂದ ಹೇಳಿಕೊಂಡು ಬಂದ ದೂರು. ಅವತ್ತೂ ಮೇಡಂ ಮುಂದೆಯೇ ಹಾಡು ನಿಲ್ಲಿಸಿ ಅಂದಳು:

"ಅಕ್ಕ, ನಿನ್ ಸೊಲ್ಲು ಗಾಡಿ ಹಿಂದ್ಲ ನಾಯಿ ಹಂಗೆ ಬತ್ತದೆ. ಒಸಿ ಮುಂದುಕ್ ಬಾ."

ಎಲ್ಲರೂ ನಕ್ಕರು, ಮೇಡಂ ಸಹ. ಮತ್ತೆ ಮೊದಲಿಂದ ಹಾಡಿದೆವು. ಹಿಡಿದ ಹಾಡನ್ನು ಅಲ್ಲೇ ಒಂದು ಸಲ ಕೇಳಿಸಿ ಎಂದರೆ, "ರೇಡಿಯೊದಲ್ಲೇ ಕೇಳಿಯಮ್ಮ, ಚೆನ್ನಾಗಿರುತ್ತೆ" ಎಂದು ಪೆಟ್ಟಿಗೆ ಮುಚ್ಚಿಕೊಂಡು ಹೋದರು.

ಸ್ವಲ್ಪ ದಿನಕ್ಕೆ ಚಿಕ್ಕತಾಯಿಯ ಗಂಟಲು ಕಟ್ಟಿತು. ಹಾಡಿ ಹಾಡಿ ಕಟ್ಟಿದೆ ಎಂದು ಕಷಾಯ ಕುಡಿದಳು. ಅನ್ನ ಇಳಿಯದಾದಾಗ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಳಗೆ ಗಡ್ಡೆ. ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆ ಬಟ್ಟೆ. ಅದರೊಳಗೆ ಧೂಳು ಹೋಗಬಾರದು, ನೀರು ಹೋಗಬಾರದು.

ಊರಿಗೆ ಬಂದ ಮೇಲೆ ಅವಳು ಸಂಜೆ ಸಂಜೆ ನನ್ನ ಜಗಲಿಗೆ ಬಂದು ಕೂರತೊಡಗಿದಳು. ರೇಡಿಯೊದ ಕಡೆ ಬೆರಳು ತೋರಿಸುವಳು, ಆಮೇಲೆ ತನ್ನ ಕತ್ತಿನ ಬಟ್ಟೆಯ ಕಡೆ, ಆಮೇಲೆ ಕೈ ಅಲ್ಲಾಡಿಸಿ 'ಯಾವಾಗ?' ಎನ್ನುವಳು. ಜೀವಮಾನವೆಲ್ಲ ಊರಿಗೆ ಕೇಳಿಸಿದ ದನಿಯನ್ನು ಅವಳು ಹೊರಗಿನಿಂದ ಒಂದು ಸಲವೂ ಕೇಳಿರಲಿಲ್ಲ. ಈಗ ಅದು ಇದ್ದದ್ದು ಆ ಮೇಡಂ ಒಯ್ದ ಟೇಪಿನಲ್ಲಿ ಮಾತ್ರ. ಒಂದು ಕ್ಯಾಸೆಟ್ಟಿಗೆ ಹಾಕಿಕೊಡಿ ಎಂದು ಹಾಲಿನ ಡೈರಿಯ ಫೋನಿನಿಂದ ಸ್ಟೇಷನ್ನಿನವರನ್ನು ಕೇಳಿಸಿದೆ. ಹಾಗೆಲ್ಲ ಕೊಡಲು ಬರುವುದಿಲ್ಲ, ಪ್ರಸಾರವಾದಾಗ ಕೇಳಿ ಎಂದರು.

ಸರಿ, ಕೇಳೋಣ. ಕೇಳಲು ಬಿಟ್ಟರೆ ತಾನೇ?

ಅದೇ ತಿಂಗಳು ನಮ್ಮೂರ ಪಕ್ಕಕ್ಕೆ ಪ್ಲಾಸ್ಟಿಕ್ ಪೈಪಿನ ಕಾರ್ಖಾನೆ ಬಂತು. ಅದಕ್ಕೆ ಬೇರೆಯೇ ಕರೆಂಟು ಲೈನು. ನಮ್ಮ ಹಿಪ್ಪುನೇರಳೆ ತೋಟದ ಒಂದು ಸಾಲು ಕಡಿದು ಕಂಬ ನೆಟ್ಟರು, ನಮ್ಮ ಹಿತ್ತಿಲ ಹಿಂದೆಯೇ ತಂತಿ ಎಳೆದರು. ಲೈನಿಗೆ ಜೀವ ಕೊಟ್ಟ ದಿನ ಸಂಜೆ ರೇಡಿಯೊ ತಿರುಗಿಸಿದೆ. ಗರ್ ಎಂದು ಒಂದೇ ಸಮ ಕೂಗಿತು. ಮಿಕ್ಸಿಯೊಳಗೆ ತಲೆ ಇಟ್ಟ ಹಾಗೆ. ಗೂಡಿನ ಧಾರಣೆ ಹೇಳುವವನು ಅದರೊಳಗೆ ಎಲ್ಲೋ ಮುಳುಗಿ ಏಳುತ್ತಿದ್ದ. ಮನೆಗಳಿಗೆ ಕರೆಂಟು ಕಿತ್ತರೆ ನಿಂತೀತು ಎಂದು ಕಾದೆ. ಕಿತ್ತರು. ಊರೆಲ್ಲ ಕತ್ತಲೆ, ನನ್ನ ರೇಡಿಯೊ ಮಾತ್ರ ಕೂಗುತ್ತಲೇ ಇದೆ. ಆಗ ತಿಳಿಯಿತು, ಕಾರ್ಖಾನೆಯ ಲೈನಿಗೆ ಕರೆಂಟು ಹೋಗುವುದೇ ಇಲ್ಲ. ನಮ್ಮ ಹಿತ್ತಿಲ ಮೇಲೆ ಹಾದುಹೋಗುವ ಕರೆಂಟು ನಮ್ಮ ದೀಪಕ್ಕಿಲ್ಲ, ನಮ್ಮ ರೇಡಿಯೊ ಕೆಡಿಸುವುದಕ್ಕೆ ಮಾತ್ರ ಇದೆ.

ಇಷ್ಟಾದರೂ ತಪ್ಪು ನನ್ನ ರೇಡಿಯೊದ್ದಂತೆ. ಯಾರನ್ನು ಕೇಳಿದರೂ ಅದೇ ಮಾತು. "ಹಳೇದಾಯ್ತು, ಬಿಸಾಕು." ನನ್ನ ಮಗ ನಾಗರಾಜನೂ ಅದನ್ನೇ ಹೇಳಿದ. ಅವನು ಅದೇ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ಸೇರಿದ್ದ, ಅವನ ಬಾಯಲ್ಲಿ ಬೇರೆ ಏನು ಬಂದೀತು. ರೇಡಿಯೊವನ್ನು ಕಂಕುಳಲ್ಲಿ ಇಟ್ಟುಕೊಂಡು ಕನಕಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಬಾಬು ಸಾಬರ ರಿಪೇರಿ ಅಂಗಡಿ. ಅಲ್ಲಿ ತಿರುಗಿಸಿದರೆ ಚಿನ್ನದ ಹಾಗೆ ಮಾತಾಡಿತು. ಸಾಬರು ಬಿಚ್ಚಿಯೂ ನೋಡಲಿಲ್ಲ.

"ಏನೂ ಆಗಿಲ್ಲಮ್ಮ ಇದಕ್ಕೆ. ಒಂದ್ ಕೆಲಸ ಮಾಡಿ. ಮರದ ಮೇಲಿಂದ ಉದ್ದಕ್ಕೆ ಏರಿಯಲ್ ತಂತಿ ಎಳೀರಿ, ಹಿತ್ತಿಲಲ್ಲಿ ಅರ್ತು ಕೊಡಿ. ಇದ್ದಿಲು, ಉಪ್ಪು, ನೀರು. ಗುಂಡಿ ಒಣಗಬಾರದು, ದಿನಾ ನೀರು ಹುಯ್ತಾ ಇರಬೇಕು."

ಸುಟ್ಟುಹೋದ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ಮನೆಯಲ್ಲಿತ್ತು. ಹಲಸಿನ ಮರದಿಂದ ಸೂರಿಗೆ ಎಳೆದೆ. ಗುಂಡಿ ತೋಡಿದೆ. ಕುಡಿಯಲು ನೀರಿಲ್ಲದ ಬೇಸಿಗೆಯಲ್ಲಿ ನೆಲಕ್ಕೆ ನೀರು ಕುಡಿಸಿದೆ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು ನೋಡಿ, "ಏನ್ ಕೆಂಪಕ್ಕ, ಉಪ್ಪು ಬಿತ್ತಿದ್ದೀಯಂತೆ, ಮೊಳಕೆ ಬಂತಾ?" ಎನ್ನುವರು. "ಬತ್ತದೆ, ಬಂದ್ಮೇಲೆ ನಿನ್ ಬಾಯಿಗೇ ಮೊದ್ಲು ಹಾಕ್ತೀನಿ" ಎನ್ನುವೆ. ಇಷ್ಟೆಲ್ಲ ಮಾಡಿದ ಮೇಲೆ ಆದದ್ದೇನು? ಧಾರಣೆ ಹೇಳುವವನ ದನಿ ದೊಡ್ಡದಾಯಿತು, ನಿಜ. ಅದರ ಎರಡರಷ್ಟು ಕೂಗೂ ದೊಡ್ಡದಾಯಿತು. ಉದ್ದ ತಂತಿ ಒಳ್ಳೆಯದನ್ನೂ ಎಳೆದುಕೊಂಡು ಬಂತು, ಕೆಟ್ಟದ್ದನ್ನೂ ಎಳೆದುಕೊಂಡು ಬಂತು. ಚಿಕ್ಕತಾಯಿ ಎರಡೂ ಕಿವಿ ಮುಚ್ಚಿಕೊಂಡು ಎದ್ದು ಹೋದಳು.

ನಾನು ಕಾರ್ಖಾನೆಯ ಗೇಟಿಗೆ ಹೋದೆ. ಮ್ಯಾನೇಜರು ಇನ್ನೂ ಮೀಸೆ ಸರಿಯಾಗಿ ಬರದ ಬೆಂಗಳೂರಿನವನು. ನಿಂತೇ ಮಾತಾಡಿದ, ನನ್ನನ್ನೂ ಬಿಸಿಲಲ್ಲಿ ನಿಲ್ಲಿಸಿದ.

"ಈ ಕಾಲದಲ್ಲಿ ಯಾರಜ್ಜಿ ರೇಡಿಯೊ ಕೇಳ್ತಾರೆ?"

"ನಾನು ಕೇಳ್ತೀನಿ."

"ಈಗ ಎಲ್ಲಾ ಇಂಟರ್‌ನೆಟ್‌ನಲ್ಲಿ ಬರುತ್ತೆ. ಕ್ಲಿಯರ್ ಆಗಿ. ಮಗನಿಗೆ ಹೇಳಿ, ಹಾಕಿಸ್ಕೊಡ್ತಾನೆ."

"ನಮ್ಮನೆಗೆ ನೆಟ್ಟಗೆ ಕರೆಂಟೇ ಬರಾಕಿಲ್ವಲ್ಲಪ್ಪ, ಅದೆಂಗ್ ಬತ್ತದೆ? ನಿನ್ ಲೈನು ಯಾಕೆ ಕೂಗ್ತದೆ ಅಂತ ಒಸಿ ನೋಡ್ಸು. ಅಷ್ಟೇ ನಾನ್ ಕೇಳಾಕ್ ಬಂದಿರಾದು."

"ಲೈನು ನಮ್ದಲ್ಲ ಅಜ್ಜಿ, ಕರೆಂಟಿನವರದು. ಅಲ್ಲಿ ಹೋಗಿ ಕೇಳಿ."

ಕರೆಂಟಿನವರ ಹತ್ತಿರ ಹೋದೆ. ಅವರು, ಕಂಬ ನೆಟ್ಟದ್ದು ಕಾರ್ಖಾನೆಯ ಕಂಟ್ರಾಕ್ಟರು, ಅಲ್ಲಿ ಹೋಗಿ ಕೇಳಿ ಎಂದರು. ಇವರು ಅವರ ಮೇಲೆ ಹಾಕಿ ಅವರು ಇವರ ಮೇಲೆ ಹಾಕಿ, ಕೊನೆಗೆ ಇಬ್ಬರೂ ಸೇರಿ ಹಾಕಿದ್ದು ನನ್ನ ರೇಡಿಯೊದ ಮೇಲೆ. ಕಂಬಕ್ಕೆ ಯಜಮಾನರಿಲ್ಲವಂತೆ, ತಂತಿಗೆ ಯಜಮಾನರಿಲ್ಲವಂತೆ. ಹಾಗಾದರೆ ನಮ್ಮ ತೋಟದ ಸಾಲು ಕಡಿದವರು ಯಾರು, ದೆವ್ವವೇ?

ಸಂಜೆ ನಾಗರಾಜ ಬಂದವನೇ ಚಪ್ಪಲಿ ಎಸೆದ. "ಅವ್ವ, ನೀನು ಗೇಟ್ ತಾವುಕ್ ಬರ್ಬ್ಯಾಡ. ಮ್ಯಾನೇಜರ್ರು ಎಲ್ಲಾರ್ ಮುಂದೆ ನಗಾಡುದ್ರು. ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ."

"ನಿನ್ ಹೊಟ್ಟೆಗ್ ಹುಟ್ಟುದಾಗ್ನಿಂದ ಇಕ್ತಿರಾಳು ನಾನು ಕಣ್ಲಾ. ಸುಮ್ಕೆ ಉಣ್ಣು" ಅಂದೆ. ಆದರೂ ಆ ಇಂಟರ್‌ನೆಟ್ ಎನ್ನುವ ಮಾತು ತಲೆಯಲ್ಲಿ ಉಳಿಯಿತು. ಇದ್ದರೂ ಇರಬಹುದು. ನನಗೆ ಬೇಕಾದ್ದು ರೇಡಿಯೊ ಅಲ್ಲ, ಆ ಹಾಡು. ಅದು ಯಾವ ಪೆಟ್ಟಿಗೆಯಿಂದ ಬಂದರೇನು?

ಅಷ್ಟರಲ್ಲಿ ಹಾಲಿನ ಡೈರಿಯ ಫೋನಿಗೆ ಸ್ಟೇಷನ್ನಿನಿಂದ ಸುದ್ದಿ ಬಂತು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ, ಸಂಜೆ, ರೈತರ ಕಾರ್ಯಕ್ರಮ ಮುಗಿದ ಮೇಲೆ. ಸೊಸೆ ಮಂಜುಳಾನನ್ನು ಕರೆದುಕೊಂಡು ಮತ್ತೆ ಕನಕಪುರಕ್ಕೆ ಹೋದೆ. ಸೈಬರ್ ಸೆಂಟರ್ ಎಂದರೆ ಮಹಡಿಯ ಮೇಲೆ ಸಣ್ಣ ಸಣ್ಣ ಗೂಡು, ಗೂಡಿಗೊಂದು ಕಂಪ್ಯೂಟರು. ಅಂಗಡಿಯವನು ಒಳ್ಳೆಯವನೇ.

"ಯಾವ ದೇಶದ್ದು ಬೇಕಜ್ಜಿ?"

"ನಮ್ ದೇಶುದ್ದೇ ಕಣಪ್ಪ. ಬೆಂಗ್ಳೂರುದು."

ಅವನು ಬಹಳ ಹೊತ್ತು ಕುಟ್ಟಿದ. "ಲಂಡನ್‌ದು ಐತೆ, ಅಮೆರಿಕದ್ದು ಐತೆ, ಅರಬ್ ದೇಶದ್ದು ಐತೆ. ನೀವ್ ಹೇಳೋ ಸ್ಟೇಷನ್ನು ಇದ್ರಲ್ಲಿ ಸಿಗ್ತಿಲ್ಲ. ಸಿನಿಮಾ ಹಾಡುಂದು ಒಂದೈತೆ, ಹಾಕ್ಲಾ?"

ಬೇಡ ಎಂದರೂ, ಹೇಗಿರುತ್ತದೆ ನೋಡಲಿ ಎಂದು ನನ್ನ ಕಿವಿಗೆ ಏನನ್ನೋ ಸಿಕ್ಕಿಸಿದ. ಯಾವಳೋ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಅಷ್ಟು ಶುದ್ಧವಾದ ದನಿಯನ್ನು ನಾನು ಯಾವ ರೇಡಿಯೊದಲ್ಲೂ ಕೇಳಿಲ್ಲ. ಅವಳು ಮಾತಿನ ನಡುವೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಇದ್ದಕ್ಕಿದ್ದ ಹಾಗೆ ಬಾಯಿ ಮುಚ್ಚಿದಳು. ಪರದೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು.

"ಏನಾಯ್ತು, ಸತ್ತೋದ್ಲಾ?"

"ಇಲ್ಲಜ್ಜಿ, ತುಂಬ್ಕೊತಾ ಐತೆ. ಒಸಿ ಹೊತ್ತು ಕಾಯ್ಬೇಕು."

"ಓಹೋ, ನಮ್ಮೂರ್ ನೀರಿನ್ ನಲ್ಲಿ ಹಂಗೋ" ಅಂದೆ. ಮಂಜುಳಾ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು.

ಬಸ್ಸಿನಲ್ಲಿ ಬರುತ್ತಾ ನನಗೆ ಮೈ ಉರಿಯಿತು. ಕಡಲಾಚೆಯ ಯಾವಳದೋ ಉಸಿರು ಕನಕಪುರಕ್ಕೆ ಬಂದು ಮುಟ್ಟುತ್ತದೆ. ನಡುಗೋಡೆಯ ಆಚೆ ಇರುವವಳ ಹಾಡು ನನ್ನ ಜಗಲಿಗೆ ಬರುವುದಿಲ್ಲ. ಇದನ್ನೇ ಅಲ್ಲವೇ ಆ ಮ್ಯಾನೇಜರು 'ಎಲ್ಲಾ ಬರುತ್ತೆ' ಎಂದದ್ದು? ಅವರ ಆ 'ಎಲ್ಲಾ' ಎನ್ನುವುದರೊಳಗೆ ನಾವಿಲ್ಲ.

ಮಾರನೆಯ ದಿನ ರೇಡಿಯೊವನ್ನು ಹೊತ್ತುಕೊಂಡು ಕೆರೆ ಏರಿಯ ತನಕ ನಡೆದೆ. ಲೈನಿನಿಂದ ದೂರ ಹೋದ ಹಾಗೆ ಕೂಗು ಇಳಿಯುತ್ತಾ ಬಂತು. ಏರಿಯ ಆ ತುದಿಯಲ್ಲಿ ನಿಂತರೆ ಅಂಗಡಿಯಲ್ಲಿ ಕೇಳಿದ ಹಾಗೆಯೇ ಕೇಳಿತು. ಸರಿ, ಸೋಮವಾರ ಚಿಕ್ಕತಾಯಿಯನ್ನು ಅವಳ ಮಗನ ಸ್ಕೂಟರಿನ ಮೇಲೆ ಏರಿಗೆ ಕರೆದುಕೊಂಡು ಬರುವುದು ಎಂದಾಯಿತು. ನನ್ನ ತಮ್ಮನ ಮನೆ ಸಾತನೂರಿನ ಹತ್ತಿರ, ಅಲ್ಲಿಗೆ ಹೋಗಿ ಕೇಳಿ ಎಂದವರೂ ಇದ್ದರು. ಧೂಳಿನ ಬಸ್ಸಿನಲ್ಲಿ ಕತ್ತಿನ ತೂತಿನವಳನ್ನು ಅಷ್ಟು ದೂರ ಒಯ್ಯುವ ಹಾಗಿರಲಿಲ್ಲ. ಅಲ್ಲದೆ ನಮ್ಮನೆಯ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಅಂಥ ಹೊತ್ತಲ್ಲಿ ಹುಳುಮನೆಯವರು ಊರು ಬಿಡುವುದುಂಟೇ?

ಏರಿಯಿಂದ ಮನೆಗೆ ಬಂದವಳಿಗೆ ಆ ಏರಿಯಲ್ ಕಣ್ಣಿಗೆ ಬಿದ್ದು ಪಿತ್ತ ನೆತ್ತಿಗೇರಿತು. ಹಲಸಿನ ಮರದಿಂದ ಕಿತ್ತು ಎಳೆದೆ. ತಂತಿ ಎಂದರೆ ಗಂಟು ಬೀಳುವುದಕ್ಕೇ ಹುಟ್ಟಿದ್ದು. ಎಲ್ಲಿಗಾದರೂ ಸುತ್ತಿಡಬೇಕು. ಜಗಲಿಯ ಗೋಡೆಗೆ ಒರಗಿಸಿದ್ದ ಚಂದ್ರಿಕೆ ಕಂಡಿತು. ಆಳುದ್ದದ ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯನ್ನು ಸುತ್ತಿನೊಳಗೆ ಸುತ್ತಾಗಿ ನಿಲ್ಲಿಸಿ ಹೆಣೆದಿರುತ್ತಾರಲ್ಲ, ಅದು. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಆ ಸಂದಿಗಳಲ್ಲಿ ಗೂಡು ಕಟ್ಟುತ್ತವೆ. ಸಂದಿ ಹೋದ ಹಾಗೆ ನಾನೂ ತಂತಿಯನ್ನು ಸುತ್ತುತ್ತಾ ಹೋದೆ. ಒಂದು ತುದಿ ರೇಡಿಯೊದ ಬೆನ್ನಿನ ತೂತಿನಲ್ಲೇ ಇತ್ತು. ಇನ್ನೊಂದು ತುದಿ ಬಿಚ್ಚಿಕೊಳ್ಳದಿರಲಿ ಎಂದು ಅರ್ತಿನ ತಂತಿಗೆ ಹುರಿಮಾಡಿ ಬಿಟ್ಟೆ.

ಒಳಗಿಂದ ಸೊಪ್ಪಿನ ತಟ್ಟೆ ಹಿಡಿದು ಬಂದ ಮಂಜುಳಾ ಕಿರುಚಿದಳು. "ಅಯ್ಯೋ ಅತ್ತೆ, ಚಂದ್ರಿಕೆಗೆ ಯಾರಾದ್ರೂ ತಂತಿ ಸುತ್ತುತಾರಾ? ಸೋಮವಾರುಕ್ಕೆ ಹುಳ ಹಣ್ಣಾಯ್ತವೆ!"

"ಬಿಚ್ತೀನಿ ಕಣಮ್ಮ, ಯಾಕ್ ಬಡ್ಕೋತೀಯ" ಎಂದು ಚಂದ್ರಿಕೆಯನ್ನು ಎತ್ತಿ ಆಚೆ ತಿರುಗಿಸಿದೆ. ರೇಡಿಯೊ ನಿಲ್ಲಿಸುವುದನ್ನು ಮರೆತಿದ್ದೆ. ತಿರುಗಿಸಿದ ಹಾಗೆ ಅದರ ಕೂಗು ಬಾವಿಗಿಳಿದ ಹಾಗೆ ಇಳಿಯಿತು. ಮಳೆ ಸುದ್ದಿ ಓದುವವಳು ಪಕ್ಕದಲ್ಲೇ ಕೂತು ಓದಿದ ಹಾಗೆ ಓದಿದಳು. ಇನ್ನೂ ಒಂದಿಷ್ಟು ತಿರುಗಿಸಿದೆ, ಕೂಗು ಮತ್ತೆ ಬಂತು. ಹಿಂದಕ್ಕೆ ತಂದೆ, ಹೋಯಿತು. ಅತ್ತೆ ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಯಾಕೆ ಹಾಗಾಯಿತು ಎಂದು ನನ್ನನ್ನು ಕೇಳಬೇಡಿ. ಚಂದ್ರಿಕೆಯ ಬೆನ್ನು ಒಂದು ದಿಕ್ಕಿಗೆ ಇದ್ದರೆ ಲೈನಿನ ಕೂಗು ಅದಕ್ಕೆ ಕೇಳಿಸುವುದಿಲ್ಲ, ಅಷ್ಟೇ ನನಗೆ ಗೊತ್ತು. ಕೂಗುವವರಿಗೆ ಬೆನ್ನು ಕೊಡುವುದು ಮನುಷ್ಯರಿಗಿಂತ ಅದಕ್ಕೇ ಚೆನ್ನಾಗಿ ಬರುತ್ತಿತ್ತು.

ಸೋಮವಾರ ಬಂತು. ಹೇಳಿಟ್ಟ ಹಾಗೆ ಬೆಳಿಗ್ಗೆಯೇ ಹುಳು ಹಣ್ಣಾಗಲು ಶುರುವಾದವು. ಮೈ ಹೊಳೆಯುತ್ತಾ, ಸೊಪ್ಪು ಬಿಟ್ಟು, ತಲೆ ಎತ್ತಿ ಎತ್ತಿ ಜಾಗ ಹುಡುಕುತ್ತಿದ್ದವು. ಊರೆಲ್ಲ ಒಂದೇ ಕಡೆಯಿಂದ ಮರಿ ತಂದಿದ್ದರಿಂದ ಎಲ್ಲರ ಮನೆಯಲ್ಲೂ ಅವತ್ತೇ. ನಮ್ಮ ಬೇರೆ ಚಂದ್ರಿಕೆಗಳೆಲ್ಲ ತುಂಬಿದವು, ಬಾಡಿಗೆಗೆ ಕೊಡುವವನ ಹತ್ತಿರ ಒಂದೂ ಉಳಿದಿರಲಿಲ್ಲ. ಮಧ್ಯಾಹ್ನದ ಮೇಲೆ ಮೋಡ ಕವಿದು ಗುಡುಗಿತು, ಕೆರೆ ಏರಿಯ ಮಾತು ಅಲ್ಲಿಗೆ ಮುಗಿಯಿತು. ನೀರು ಹೋಗಬಾರದ ಕತ್ತಿನವಳನ್ನು ಮಳೆಯಲ್ಲಿ ಏರಿಯ ಮೇಲೆ ಕೂರಿಸಲಾದೀತೇ? ಇನ್ನು ಉಳಿದದ್ದು ಆ ತಂತಿ ಸುತ್ತಿದ ಚಂದ್ರಿಕೆ.

ಮಂಜುಳಾಗೂ ಬೇಕಾದದ್ದು ಅದೇ.

"ಅತ್ತೆ, ಅದುನ್ ಕೊಡಿ. ತಂತಿ ಕಿತ್ತಾಕಿ. ಹುಳ ಎಲ್ಲೆಲ್ಲೋ ಸೋರ್ಕೊಂಡು ಗೂಡು ಕಟ್ತಾ ಅವೆ."

"ಹಾಡಾದ್ಮೇಲೆ ಕೊಡ್ತೀನಿ."

"ಹಾಡು ಆಗೋಗಂಟ ಹುಳ ಕಾಯ್ತಾವಾ? ಒಂದ್ ತಿಂಗ್ಳು ನಿದ್ದೆಗೆಟ್ಟು ಸಾಕಿವ್ನಿ ನಾನು. ನಿಮ್ದೊಂದ್ ಹಾಡಿಗೆ ನನ್ ಬೆಳೆ ಹಾಳಾಗ್ಬೇಕಾ?"

ಅವಳು ಹೇಳಿದ್ದು ನ್ಯಾಯವೇ. ನ್ಯಾಯ ಎಂದು ಗೊತ್ತಿದ್ದೇ ನನ್ನ ಸಿಟ್ಟು ಹೆಚ್ಚಾಯಿತು. ಲೈನು ಕೂಗಿಸುವವರು ಫ್ಯಾನಿನ ಕೆಳಗೆ ಕೂತಿದ್ದಾರೆ, ಜುಟ್ಟು ಹಿಡಿಯುವ ಹಾಗೆ ನಿಂತವರು ಅತ್ತೆ ಸೊಸೆ. "ಮುಟ್ಟುದ್ರೆ ನೋಡು" ಎಂದು ಚಂದ್ರಿಕೆಗೆ ಅಡ್ಡ ನಿಂತೆ.

ಚಿಕ್ಕತಾಯಿ ಅಷ್ಟು ಹೊತ್ತಿಗಾಗಲೇ ಬಂದು ಜಗಲಿಯ ಮೂಲೆಯಲ್ಲಿ ಕೂತಿದ್ದಳು. ನಮ್ಮಿಬ್ಬರ ಜಗಳ ನೋಡಿದಳು. ಆಮೇಲೆ ಎದ್ದು, ಹುಳುಮನೆಯ ಬಾಗಿಲಲ್ಲಿ ಸೋಂಕು ತಡೆಯಲು ಹರಡಿದ ಸುಣ್ಣ ತುಳಿದು ಒಳಗೆ ಹೋಗಿ, ಹಣ್ಣುಹುಳುಗಳ ಒಂದು ತಟ್ಟೆ ಎತ್ತಿಕೊಂಡು ಬಂದಳು. ನನ್ನನ್ನು ಭುಜದಿಂದ ಸರಿಸಿ, ಚಂದ್ರಿಕೆಯನ್ನು ನೆಲಕ್ಕೆ ಮಲಗಿಸಿ, ತಂತಿ ಇದ್ದ ಹಾಗೆಯೇ ಅದರ ಮೇಲೆ ಹುಳುಗಳನ್ನು ಹಿಡಿ ಹಿಡಿಯಾಗಿ ಹರಡಿದಳು. ಹುಳು ತಂತಿಯ ಮೇಲೆ ಹತ್ತಿದವು, ಮೂತಿ ಆಡಿಸಿದವು, ಸಂದಿಗೆ ಇಳಿದವು. ತಂತಿಯೋ ಬಿದಿರೋ, ಅವಕ್ಕೆ ಯಾವ ತಕರಾರೂ ಇರಲಿಲ್ಲ.

"ಅಯ್ಯೋ ನಾವೆಂಥ ದಡ್ಡಮುಂಡೇವು" ಎಂದಳು ಮಂಜುಳಾ. ಉಳಿದ ಹುಳುಗಳನ್ನೂ ತಂದು ತುಂಬಿದಳು.

ಹುಳು ಕೂತ ಚಂದ್ರಿಕೆಯನ್ನು ಆಮೇಲೆ ಅಲ್ಲಾಡಿಸಬಾರದು, ಗೂಡು ಕೆಡುತ್ತದೆ. ಅದಕ್ಕೆ ಮೊದಲೇ ದಿಕ್ಕು ನೋಡಿ, ಜಗಲಿಯಲ್ಲಿ ರೇಡಿಯೊದ ಪಕ್ಕ ಓರೆಯಾಗಿ ನಿಲ್ಲಿಸಿದೆವು. ಗೂಡಿಗೆ ಮೊದಲು ಹುಳು ಉಚ್ಚೆ ಹುಯ್ಯುತ್ತವೆ. ತಂತಿಯ ಮೇಲಿಂದ ಅದು ತೊಟ್ಟಿಕ್ಕುತ್ತಿತ್ತು. ರೈತರ ಕಾರ್ಯಕ್ರಮ ಶುರುವಾಯಿತು, ಮಳೆಯೂ ಶುರುವಾಯಿತು. ಮನೆಗಳ ಕರೆಂಟು ಹೋಯಿತು. ಕಾರ್ಖಾನೆ ಮಾತ್ರ ಮದುವೆಮನೆಯ ಹಾಗೆ ಬೆಳಗುತ್ತಿತ್ತು. ನೆನೆದ ಲೈನು ಎಂದೂ ಕೂಗದ ಹಾಗೆ ಕೂಗತೊಡಗಿತು. ನಾವು ನೋಡಿಟ್ಟ ದಿಕ್ಕು ಸಾಲದಾಯಿತು. ರೈತರ ಮಾತು ಮುಗಿದು ಹಾಡಿನ ಹೆಸರು ಹೇಳುವ ಹೊತ್ತು. ನಾನು ಸೊಸೆಯ ಮುಖ ನೋಡಿದೆ. ಮಂಜುಳಾ ತಾನೇ ಎದ್ದು, ಮಲಗಿದ ಕೂಸಿನ ತೊಟ್ಟಿಲು ಸರಿಸುವ ಹಾಗೆ ಎರಡೂ ಕೈಯಲ್ಲಿ ಚಂದ್ರಿಕೆಯನ್ನು ಹಿಡಿದು ಸರಿಸಿದಳು. ಇನ್ನೊಂದಿಷ್ಟು. ಇನ್ನೊಂದಿಷ್ಟು. ಕೂಗು ಬಾವಿಗಿಳಿಯಿತು.

"...ಚಿಕ್ಕತಾಯಮ್ಮ ಮತ್ತು ಸಂಗಡಿಗರಿಂದ" ಎಂದರು. ಸಂಗಡಿಗರು ಎಂದರೆ ನಾನು. ಇರಲಿ.

ಹಾಡು ಬಂತು. ಚಿಕ್ಕತಾಯಿ ರೇಡಿಯೊದ ಕಡೆ, ಮನೆಗೆ ಬಂದ ಹೊಸಬರನ್ನು ನೋಡುವ ಹಾಗೆ ನೋಡಿದಳು. ಇವಳ್ಯಾರು, ಎಲ್ಲಿಯವಳು ಎನ್ನುವ ಹಾಗೆ. ಆಮೇಲೆ ಗುರುತು ಸಿಕ್ಕಿತೋ ಏನೋ, ತುಟಿ ಆಡಿಸಿದಳು. ಒಂದು ನುಡಿ ಮುಗಿಯುತ್ತಾ ಬಂದಾಗ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಮದುವೆಮನೆಯಲ್ಲಿ ತಿವಿಯುತ್ತಿದ್ದದ್ದು ಹಾಗೆಯೇ. ಸೊಲ್ಲೆತ್ತು ಎಂದು. ರೇಡಿಯೊದೊಳಗೆ ನಾನು ಎತ್ತುತ್ತಿದ್ದೆ, ಜಗಲಿಯ ಮೇಲೂ ಎತ್ತಿದೆ. ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡ ಹೆಂಗಸರು ಒಬ್ಬೊಬ್ಬರೇ ಸೂರಿನ ಕೆಳಗೆ ಬಂದು ಅವರೂ ಎತ್ತಿದರು. ಉಪ್ಪು ಬಿತ್ತಿದ್ದೀಯಾ ಎಂದವಳೂ ಇದ್ದಳು.

ಮುಗಿದ ಮೇಲೆ ಚಿಕ್ಕತಾಯಿ ನನ್ನ ಕಡೆ ತಿರುಗಿದಳು. ಎರಡು ಬೆರಳು ಎತ್ತಿ, ಒಂದನ್ನು ಅಂಗೈಗೆ ಬಡಿದಳು. ಸ್ವಲ್ಪ ಬಿಟ್ಟು ಇನ್ನೊಂದನ್ನು ಬಡಿದಳು. ಮೊದಲ ಬೆರಳು ಅವಳು. ತಡವಾದದ್ದು ನಾನು.

"ಸುಮ್ನಿರೇ" ಅಂದೆ. "ಇಷ್ಟು ದಿಸ ಬಾಯ್ಮುಚ್ಕೊಂಡ್ ಕೂತಿದ್ದಿಯಲ್ಲ, ನಿನ್ ದನಿ ಮರ್ತೋಗಿತ್ತು."

ಅವಳು ನಕ್ಕಳು. ದನಿಯಿಲ್ಲದ ನಗು, ಕತ್ತಿನ ಬಟ್ಟೆ ಮಾತ್ರ ಅಲ್ಲಾಡಿತು.

ಮಾರನೆಯ ದಿನ ನಾಗರಾಜ ಬೇಡ ಎಂದರೂ ಗೇಟಿಗೆ ಹೋದೆ. ನನ್ನ ರೇಡಿಯೊ ಕೆಟ್ಟಿಲ್ಲ, ಊರವರೆಲ್ಲ ಕೂತು ಕೇಳಿದ್ದೇವೆ, ಕೆಟ್ಟಿರುವುದು ನಿಮ್ಮ ಲೈನೇ ಎಂದೆ. ಮ್ಯಾನೇಜರು ಮುಖ ಅರಳಿಸಿದ. "ಬಂತಲ್ಲ ಅಜ್ಜಿ! ಈಗ ಸರಿ ಹೋಯ್ತಲ್ಲ. ಮತ್ತೇನು ಕಂಪ್ಲೇಂಟು?"

ಬಂದ ದಾರಿಯಲ್ಲೇ ತಿರುಗಿ ನಡೆದೆ. ನಾವು ಹೇಗೋ ಒದ್ದಾಡಿ ಸರಿ ಮಾಡಿಕೊಂಡರೆ, ತಪ್ಪೇ ಇರಲಿಲ್ಲ ಎಂದು ಆಗುತ್ತದೆ. ಒದ್ದಾಡದೆ ಬಿಟ್ಟಿದ್ದರೆ, ನಮಗೆ ಬೇಕಾಗಿರಲಿಲ್ಲ ಎಂದು ಆಗುತ್ತಿತ್ತು.

ಆ ಚಂದ್ರಿಕೆಯ ಗೂಡು ಉಳಿದವುಗಳ ಹಾಗೆಯೇ ಬಂತು, ರಾಮನಗರದ ಮಾರುಕಟ್ಟೆಯಲ್ಲಿ ಉಳಿದವುಗಳ ಜೊತೆಯೇ ಹೋಯಿತು. ಚಿಕ್ಕತಾಯಿ ಇನ್ನೂ ಕೆಲವು ವರ್ಷ ಇದ್ದು ಹೋದಳು. ಆ ಹಾಡನ್ನು ಮತ್ತೆ ಹಾಕಲಿಲ್ಲ, ಹಾಕಿದ್ದರೂ ನಮಗೆ ಯಾರೂ ಹೇಳಲಿಲ್ಲ. ಈಗ ಮಂಜುಳಾಳ ಫೋನಿನಲ್ಲಿ ನಮ್ಮ ಸ್ಟೇಷನ್ನೂ ಬರುತ್ತದೆ, ಕೂಗಿಲ್ಲ, ಚಕ್ರ ತಿರುಗುವುದಿಲ್ಲ. ಅದರೊಳಗೆ ಚಿಕ್ಕತಾಯಿ ಇದ್ದಾಳಾ ನೋಡು ಎಂದು ಒಂದು ದಿನ ಹುಡುಕಿಸಿದೆ. ಮಂಜುಳಾ ಬೆರಳಿನಲ್ಲಿ ಬಹಳ ಹೊತ್ತು ತಳ್ಳಿ ತಳ್ಳಿ, "ಇಲ್ಲ ಅತ್ತೆ" ಎಂದಳು.

ಮೊನ್ನೆ ನಂಜುಂಡ ಗುಂಡಿ ಮುಚ್ಚುವಾಗ ಕೇಳಿದೆ, ಆ ಕಾರ್ಖಾನೆ ಲೈನು ಇವತ್ತಿಗೂ ಕೂಗುತ್ತದೆ, ಯಾಕೆ ಯಾರೂ ಸರಿ ಮಾಡುವುದಿಲ್ಲ ಎಂದು. "ಕೂಗ್ತದಾ? ನಮಗೇನೂ ಕೇಳ್ಸಾಕಿಲ್ವಲ್ಲಜ್ಜಿ" ಎಂದ. ಕೇಳುವ ಪೆಟ್ಟಿಗೆ ಊರಲ್ಲಿ ಇಲ್ಲದಿದ್ದರೆ ಹೇಗೆ ಕೇಳಿಸುತ್ತದೆ? ಒಳಗೆ ಹೋಗಿ ರೇಡಿಯೊ ತಂದು, ಗೋಡೆ ಗಡಿಯಾರದ ಸೆಲ್ಲು ಸಾಲದೆ ಟಾರ್ಚಿನದನ್ನು ಕಿತ್ತು ಹಾಕಿ, ಅವನ ಕಿವಿಯ ಹತ್ತಿರ ಹಿಡಿದು ತಿರುಗಿಸಿದೆ. ಗರ್ ಎಂದು ಒಂದೇ ಸಮ ಕೂಗಿತು.

ನಂಜುಂಡ ಕಿವಿ ಹಿಂದಕ್ಕೆ ಎಳೆದುಕೊಂಡ. "ರೇಡಿಯೊ ಕೆಟ್ಟೋಗೈತಜ್ಜಿ. ಹಳೇದು, ಬಿಸಾಕಿ."

"ಕೈ ತೊಳ್ಕೊಂಡು ಒಳಿಕ್ ಬಾ" ಅಂದೆ. "ಅಟ್ಟದ ಮ್ಯಾಲೆ ತಂತಿ ಸುತ್ತಿರೋ ಒಂದು ಚಂದ್ರಿಕೆ ಐತೆ, ಇಳ್ಸು."